ರೋಸ್‌ಮೇರಿ, ಥೈಮ್, ಸೇಜ್, ಒರೆಗಾನೊ: ನಿಮ್ಮ ಮನೆಗೆ ಯಾವುದು?

ಸೂಪರ್‌ಮಾರ್ಕೆಟ್ಟಿನ ಮಸಾಲೆ ಸಾಲಿನ ತುದಿಯಲ್ಲಿ ನಾಲ್ಕು ಪುಟ್ಟ ಬಾಟಲಿಗಳು ಅಕ್ಕಪಕ್ಕ ನಿಂತಿರುತ್ತವೆ. ರೋಸ್‌ಮೇರಿ, ಥೈಮ್, ಸೇಜ್, ಒರೆಗಾನೊ. ನೋಡಿದರೆ ನಾಲ್ಕೂ ಒಣಗಿದ ಹಸಿರು ಚೂರುಗಳೇ. ಹೋದ ಮಳೆಗಾಲದಲ್ಲಿ ನನ್ನ ನಾದಿನಿ ಅಲ್ಲಿ ನಿಂತುಕೊಂಡೇ ಫೋನ್ ಮಾಡಿದ್ದಳು. "ಅತ್ತಿಗೆ, ಅಪ್ಪಂಗೆ ಕೆಮ್ಮು ಬಿಡ್ತಾನೇ ಇಲ್ಲ, ನಂಗೆ ಕೂದಲು ಉದುರ್ತಿದೆ. ಇದ್ರಲ್ಲಿ ಯಾವ್ದು ತಗೊಳ್ಳಲಿ? ಒಂದೇ ತಗೊಂಡ್ರೆ ಎರಡಕ್ಕೂ ಆಗತ್ತಾ?"

ಆಗುವುದಿಲ್ಲ ಅಂದೆ. ಕೆಮ್ಮಿಗೆ ಬೇಕಾದದ್ದು ಒಂದು, ಕೂದಲಿಗೆ ಬೇಕಾದದ್ದು ಇನ್ನೊಂದು. ಅದರಲ್ಲೂ ಒಂದಕ್ಕೆ ಅವಳು ಏನೂ ಕೊಳ್ಳಬೇಕಾಗಿರಲಿಲ್ಲ. ಅದು ನಮಗೆ ಗೊತ್ತಾದದ್ದು ಮಾತ್ರ ಎರಡು ವಾರ ಬಿಟ್ಟು.

ಇಂಥ ಗೊಂದಲದಲ್ಲಿ ಇರುವವರು ಈಗ ತುಂಬ ಜನ. ಮೊಬೈಲ್ ತೆರೆದರೆ ಒಬ್ಬರು ರೋಸ್‌ಮೇರಿ ನೀರು ಅನ್ನುತ್ತಾರೆ, ಮತ್ತೊಬ್ಬರು ಒರೆಗಾನೊ ಎಣ್ಣೆ ಅನ್ನುತ್ತಾರೆ. ನಾಲ್ಕನ್ನೂ ತಂದಿಟ್ಟರೆ ಮೂರು ಬಾಟಲಿ ಕಪಾಟಿನಲ್ಲೇ ಘಮ ಕಳೆದುಕೊಳ್ಳುತ್ತವೆ. ನಾನು ಆರೇಳು ವರ್ಷದಿಂದ ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಈ ನಾಲ್ಕನ್ನೂ ಬೆಳೆಸುತ್ತಿದ್ದೇನೆ. ಕುಡಿದಿದ್ದೇನೆ, ಅಡುಗೆಗೆ ಹಾಕಿದ್ದೇನೆ, ಒಂದೆರಡು ಗಿಡಗಳನ್ನು ಸಾಯಿಸಿಯೂ ಇದ್ದೇನೆ. ನಾನು ವೈದ್ಯೆಯಲ್ಲ. ಆದರೆ ಯಾವುದನ್ನು ಯಾಕೆ ಆರಿಸಬೇಕು ಅನ್ನುವುದನ್ನು ಬಿಡಿಸಿ ಹೇಳಬಲ್ಲೆ.

ನಾಲ್ಕೂ ಒಂದೇ ಮನೆಯವು

ಇವೆಲ್ಲ ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಗಿಡಗಳು. ಪುದೀನ, ದೊಡ್ಡಪತ್ರೆ ಕೂಡ ಅದೇ ಕುಟುಂಬ. ಆದರೆ ಹುಟ್ಟಿ ಬೆಳೆದದ್ದು ಗ್ರೀಸ್, ಇಟಲಿ, ಸ್ಪೇನ್, ಟರ್ಕಿ, ಕ್ರೊಯೇಷಿಯಾದ ಕಲ್ಲುಗುಡ್ಡಗಳ ಮೇಲೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿಗೆ ತಿರುಗುಮುರುಗು, ಅಲ್ವಾ? ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕುಂಡದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಒಣ ಬೇಸಿಗೆಯಲ್ಲಿ ನೀರು ಉಳಿಸಬೇಕು, ಆಡು ಕುರಿ ಮೇಯದಂತೆ, ಹುಳ ತಿನ್ನದಂತೆ ಎಲೆ ಕಾಪಾಡಿಕೊಳ್ಳಬೇಕು. ಅದಕ್ಕೇ ಎಲೆ ಚಿಕ್ಕದು ಅಥವಾ ರೋಮ ತುಂಬಿದ್ದು, ಒಳಗೆ ಖಾರ ಘಾಟಿನ ಎಣ್ಣೆ. ನಾವು ಔಷಧಿ ಅಂತ ಬಳಸುವುದರಲ್ಲಿ ದೊಡ್ಡ ಪಾಲು ಆ ಎಣ್ಣೆಯೇ. ಒಂದೊಂದರ ಎಣ್ಣೆಯೂ ಬೇರೆ ಬೇರೆ, ಹಾಗಾಗಿ ಕೆಲಸವೂ ಬೇರೆ.

ಇವುಗಳ ಬಗ್ಗೆ ಬರೆದಿಟ್ಟವರಲ್ಲಿ ಮುಖ್ಯನಾದವನು ಡಯೋಸ್ಕೊರಿಡಿಸ್. ಇಂದಿನ ಟರ್ಕಿಯಲ್ಲಿರುವ ಅನಜಾರ್ಬಸ್ ಊರಿನವನು, ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ. ಅವನ ಮೂಲಿಕೆ ಗ್ರಂಥವನ್ನು ಯೂರೋಪು ಮತ್ತು ಅರಬ್ ನಾಡಿನ ವೈದ್ಯರು ಸುಮಾರು 1500 ವರ್ಷ ಕೈಯಲ್ಲಿಟ್ಟುಕೊಂಡು ಓದಿದರು. ಆಮೇಲೆ ಕ್ರಿ.ಶ. 800ರ ಹೊತ್ತಿಗೆ ಫ್ರಾಂಕರ ದೊರೆ ಶಾರ್ಲಮೇನನ ಕಾಲದಲ್ಲಿ, ರಾಜನ ಜಮೀನುಗಳಲ್ಲಿ ಯಾವ ಯಾವ ಗಿಡ ಬೆಳೆಸಬೇಕು ಅಂತ ಒಂದು ಆಜ್ಞೆ ಹೊರಟಿತು. ಸೇಜ್, ರೋಸ್‌ಮೇರಿ ಎರಡೂ ಆ ಪಟ್ಟಿಯಲ್ಲಿವೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಯಾವುದಕ್ಕೆ ಬೇಕು? ಕಫದ ಕೆಮ್ಮಿಗೋ, ಗಂಟಲು ನೋವಿಗೋ, ಹೊಟ್ಟೆ ಉಬ್ಬರಕ್ಕೋ, ಕೂದಲಿಗೋ, ಸುಮ್ನೆ ಅಡುಗೆಯ ಪರಿಮಳಕ್ಕೋ? "ಆರೋಗ್ಯಕ್ಕೆ ಒಳ್ಳೇದು" ಅನ್ನುವುದು ಉತ್ತರ ಅಲ್ಲ.

ಎರಡನೆಯದು, ಯಾರಿಗೆ ಬೇಕು? ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಬಸುರಿ, ಎದೆಹಾಲು ಕುಡಿಸುವ ತಾಯಿ, ಚಿಕ್ಕ ಮಗು, ಮೂರ್ಛೆರೋಗ ಇರುವವರು, ದಿನಾ ಮಾತ್ರೆ ತೆಗೆದುಕೊಳ್ಳುವ ಹಿರಿಯರು. ಇವರಲ್ಲಿ ಯಾರಾದರೂ ಆಗಿದ್ದರೆ ಲೆಕ್ಕ ಬದಲಾಗುತ್ತದೆ.

ಮೂರನೆಯದು, ಹೇಳಿಕೆಗೆ ಆಧಾರ ಎಷ್ಟು ಗಟ್ಟಿ? ಇಲ್ಲಿ ಒಂದು ವಿಷಯ ತಿಳಿದಿರಲಿ. ಯೂರೋಪಿನ ಔಷಧ ಸಂಸ್ಥೆ ಇಂಥ ಮೂಲಿಕೆಗಳಿಗೆ "ಸಾಂಪ್ರದಾಯಿಕ ಬಳಕೆ" ಅಂತ ಒಂದು ದರ್ಜೆ ಕೊಡುತ್ತದೆ. ಅದು ಸಿಗಬೇಕಾದರೆ ಕನಿಷ್ಠ 30 ವರ್ಷ ಬಳಕೆಯಲ್ಲಿರಬೇಕು, ಅದರಲ್ಲಿ 15 ವರ್ಷ ಯೂರೋಪ್ ಒಕ್ಕೂಟದೊಳಗೆ. ಅಂದರೆ ತುಂಬ ಕಾಲದಿಂದ ಜನ ಬಳಸಿದ್ದಾರೆ, ಹೇಳಿದ ಪ್ರಮಾಣದಲ್ಲಿ ತೊಂದರೆ ಕಂಡಿಲ್ಲ, ಕೆಲಸ ಮಾಡೀತು ಅನ್ನಿಸುವಂತಿದೆ. ಪರೀಕ್ಷೆ ಮಾಡಿ ಸಾಬೀತಾಗಿದೆ ಅಂತ ಅಲ್ಲ. ಈ ನಾಲ್ಕರಲ್ಲಿ ಥೈಮ್, ಸೇಜ್, ರೋಸ್‌ಮೇರಿ ಮೂರಕ್ಕೂ ಆ ದರ್ಜೆ ಇದೆ.

ಕೊನೆಗೆ ದುಡ್ಡು ಮತ್ತು ಜಾಗ. ಒಣ ಎಲೆಯೋ, ಹಸಿ ಕಡ್ಡಿಯೋ, ಕುಂಡವೋ, ಎಣ್ಣೆ ಶೀಶೆಯೋ?

ಥೈಮ್: ಕಫದ ಕೆಮ್ಮು ಅಂದರೆ ಮೊದಲು ಇದು

ಥೈಮ್ ಎಲೆ ನಮ್ಮ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕಡ್ಡಿಯನ್ನು ಬೆರಳ ನಡುವೆ ಹಿಡಿದು ಹಿಂದಕ್ಕೆ ಎಳೆದರೆ ಎಲೆಗಳು ಪುಡಿಪುಡಿಯಾಗಿ ಉದುರುತ್ತವೆ. ಮೂಸಿ ನೋಡಿ. "ಅರೆ, ಇದು ಓಮದ ವಾಸನೆ" ಅನ್ನುತ್ತೀರಿ. ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತಿದೆ. ಎರಡರಲ್ಲೂ ಇರುವುದು ಥೈಮಾಲ್ ಅನ್ನುವ ಒಂದೇ ವಸ್ತು. 1719ರಲ್ಲಿ ಕ್ಯಾಸ್ಪರ್ ನ್ಯೂಮನ್ ಎಂಬ ಜರ್ಮನ್ ರಸಾಯನ ತಜ್ಞ ಅದನ್ನು ಥೈಮ್ ಎಣ್ಣೆಯಿಂದ ಬೇರ್ಪಡಿಸಿದ. ಮುಂದೆ ಮೊದಲ ಮಹಾಯುದ್ಧಕ್ಕಿಂತ ಮುಂಚೆ, ಥೈಮಾಲ್ ತೆಗೆಯಲು ಭಾರತದ ಓಮದ ಕಾಳು ಹಡಗಿನಲ್ಲಿ ಜರ್ಮನಿಗೆ ಹೋಗುತ್ತಿತ್ತು.

ಥೈಮಾಲ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. 1879ರಲ್ಲಿ ಹುಟ್ಟಿದ ಲಿಸ್ಟರಿನ್ ಬಾಯಿ ತೊಳೆಯುವ ದ್ರವದಲ್ಲಿ ಇವತ್ತಿಗೂ ಇದು ಇದೆ. 1909ರಿಂದ ಅಮೆರಿಕದ ದಕ್ಷಿಣ ಭಾಗದಲ್ಲಿ ಕೊಕ್ಕೆಹುಳು ನಿವಾರಣೆಗೆ ರಾಕ್‌ಫೆಲರ್ ಆಯೋಗ ನಡೆಸಿದ ದೊಡ್ಡ ಅಭಿಯಾನದಲ್ಲಿ ಜನರಿಗೆ ಕೊಟ್ಟದ್ದು ಥೈಮಾಲ್, ಅದರ ಹಿಂದೆಯೇ ಭೇದಿಯ ಉಪ್ಪು. ಜೇನು ಸಾಕುವವರು ಪೆಟ್ಟಿಗೆಯೊಳಗಿನ ವರೋವ ನುಸಿಗೂ ಇದನ್ನೇ ಬಳಸುತ್ತಾರೆ.

ಯೂರೋಪಿನ ಮನೆಗಳಲ್ಲಿ ಮಾತ್ರ ಥೈಮ್ ಅಂದರೆ ಕೆಮ್ಮಿನ ಕಷಾಯ. ಔಷಧ ಸಂಸ್ಥೆ ಒಪ್ಪಿರುವ ಸಾಂಪ್ರದಾಯಿಕ ಬಳಕೆಯೂ ಅದೇ: ನೆಗಡಿಯ ಜೊತೆ ಬರುವ ಕಫದ ಕೆಮ್ಮು. ಪ್ರಮಾಣ 1ರಿಂದ 2 ಗ್ರಾಂ ಒಣ ಎಲೆ, 150 ಮಿ.ಲೀ. ಕುದಿಯುವ ನೀರು, ದಿನಕ್ಕೆ ಮೂರ್ನಾಲ್ಕು ಸಲ. ಇದಕ್ಕೆ ಸ್ವಲ್ಪ ಪರೀಕ್ಷೆಯ ಬಲವೂ ಇದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಇದ್ದ 361 ಜನರಲ್ಲಿ ಕೆಲವರಿಗೆ ಥೈಮ್ ಮತ್ತು ಐವಿ ಬಳ್ಳಿಯ ಸಾರದ ಸಿರಪ್, ಉಳಿದವರಿಗೆ ಔಷಧಿ ಇಲ್ಲದ ಖಾಲಿ ಸಿರಪ್ ಕೊಟ್ಟರು. ವಾರದ ಹೊತ್ತಿಗೆ ಸಿರಪ್ ಕುಡಿದವರಲ್ಲಿ ಕೆಮ್ಮು ಸುಮಾರು ಶೇ. 69ರಷ್ಟು ಇಳಿದಿತ್ತು, ಖಾಲಿ ಸಿರಪ್ ಕುಡಿದವರಲ್ಲಿ ಶೇ. 48ರಷ್ಟು. ಇದನ್ನು ಎರಡು ರೀತಿ ಓದಬೇಕು. ಥೈಮ್ ಸಿರಪ್ಪಿನಿಂದ ಲಾಭ ಇದೆ. ಹಾಗೆಯೇ, ಏನೂ ಕುಡಿಯದಿದ್ದರೂ ಅರ್ಧದಷ್ಟು ಕೆಮ್ಮು ತಾನಾಗಿಯೇ ಹೋಗುತ್ತದೆ. ಇನ್ನೊಂದು, ಅದು ಸಾರ ಇಳಿಸಿದ ಸಿರಪ್, ನಾವು ಮನೆಯಲ್ಲಿ ಮಾಡುವ ಟೀ ಅಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಥೈಮ್ ಕೈಗೆಟುಕುವಂಥದ್ದು. 50 ಗ್ರಾಂ ಒಣ ಎಲೆಯಲ್ಲಿ 25ರಿಂದ 50 ಲೋಟ ಆಗುತ್ತದೆ. ಆದರೆ ಸೂಪರ್‌ಮಾರ್ಕೆಟ್ಟಿನ ಗಾಜಿನ ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಹತ್ತಿಪ್ಪತ್ತು ಗ್ರಾಂ ಮಾತ್ರ. ಟೀಗೆ ಬೇಕಾದರೆ ದೊಡ್ಡ ಪ್ಯಾಕೆಟ್ ನೋಡಿ. ಬಾಟಲಿ ಅಡುಗೆಗೆ ಸಾಕು.

ಸೇಜ್: ಗಂಟಲಿಗೆ ಗಟ್ಟಿ, ಆದರೆ ಎಲ್ಲರಿಗೂ ಅಲ್ಲ

ಸೇಜ್ ಎಲೆ ಮುಟ್ಟಿದರೆ ಕರುವಿನ ಕಿವಿ ಮುಟ್ಟಿದ ಹಾಗೆ. ಬೂದು ಹಸಿರು, ಮೇಲೆಲ್ಲ ಮೆತ್ತನೆಯ ರೋಮ. ಇದರ ಲ್ಯಾಟಿನ್ ಹೆಸರು ಸಾಲ್ವಿಯಾ, ಅದರ ಬೇರಿನಲ್ಲಿ "ಆರೋಗ್ಯವಾಗಿರು" ಅನ್ನುವ ಅರ್ಥವೇ ಇದೆ. ಇಟಲಿಯ ಸಲೆರ್ನೊ ವೈದ್ಯಶಾಲೆಯ ಹೆಸರಿನಲ್ಲಿ ಹಬ್ಬಿದ ಒಂದು ಹಳೆಯ ಪದ್ಯ ಕೇಳುತ್ತದೆ, ತೋಟದಲ್ಲಿ ಸೇಜ್ ಬೆಳೆದಿರುವಾಗ ಮನುಷ್ಯ ಯಾಕೆ ಸಾಯಬೇಕು ಅಂತ. ಜನ ಸಾಮಾನ್ಯವಾಗಿ ಈ ಸಾಲನ್ನು ಮಾತ್ರ ಹೇಳುತ್ತಾರೆ. ಮುಂದಿನ ಸಾಲು ನನಗೆ ಹೆಚ್ಚು ಇಷ್ಟ. ಸಾವನ್ನು ತಡೆಯುವ ಮದ್ದು ಯಾವ ತೋಟದಲ್ಲೂ ಇಲ್ಲ ಅಂತ ಅದೇ ಪದ್ಯ ಉತ್ತರ ಕೊಡುತ್ತದೆ.

ಸಾಂಪ್ರದಾಯಿಕವಾಗಿ ಸೇಜ್‌ಗೆ ಮುಖ್ಯವಾಗಿ ಮೂರು ಕೆಲಸ. ಗಂಟಲು, ಬಾಯಿಯ ಉರಿ ಊತಕ್ಕೆ ಬಾಯಿ ಮುಕ್ಕಳಿಸುವುದು. ಹೊಟ್ಟೆ ಉಬ್ಬರ, ಎದೆಯುರಿಗೆ ಟೀ. ಮೂರನೆಯದು ಇದಕ್ಕೇ ವಿಶೇಷವಾದದ್ದು: ಜಾಸ್ತಿ ಬೆವರುವುದನ್ನು ತಗ್ಗಿಸುವುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರುವ ಹೆಂಗಸರಿಗೆ ಯೂರೋಪಿನಲ್ಲಿ ಅಜ್ಜಿಯರು ಹೇಳುತ್ತಿದ್ದದ್ದು ಸೇಜ್. 2011ರಲ್ಲಿ ಸ್ವಿಟ್ಜರ್‌ಲೆಂಡಿನ ಒಂದು ಅಧ್ಯಯನ 71 ಹೆಂಗಸರಿಗೆ 8 ವಾರ ಹಸಿ ಸೇಜ್‌ನ ಮಾತ್ರೆ ಕೊಟ್ಟು ನೋಡಿತು. ದಿನದ ಬಿಸಿಯೇರಿಕೆಗಳು ಶೇ. 64ರಷ್ಟು ಕಡಿಮೆಯಾದವು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಅದಕ್ಕೆ ನಾನು ಇದನ್ನು ಭರವಸೆ ಅಂತ ತೆಗೆದುಕೊಳ್ಳುತ್ತೇನೆ, ಪುರಾವೆ ಅಂತಲ್ಲ.

ಈಗ ಎಚ್ಚರಿಕೆ. ಸೇಜ್ ಎಣ್ಣೆಯಲ್ಲಿ ಥುಜೋನ್ ಎಂಬ ವಸ್ತು ಇದೆ. ಅತಿಯಾದರೆ ನರಗಳ ಮೇಲೆ ಪರಿಣಾಮ ಬೀರಿ ಫಿಟ್ಸ್ ತರಬಲ್ಲದು. ಮೂರ್ಛೆರೋಗ ಇರುವವರು, ಬಸುರಿಯರು ಸೇಜ್ ಟೀ ಕುಡಿಯಬಾರದು. ಎದೆಹಾಲು ಕುಡಿಸುವವರೂ ಬೇಡ. ಮಗುವಿಗೆ ಹಾಲು ಬಿಡಿಸುವಾಗ ಹಾಲು ಕಡಿಮೆ ಮಾಡಲು ಯೂರೋಪಿನ ಹೆಂಗಸರು ಕುಡಿಯುತ್ತಿದ್ದದ್ದೇ ಇದನ್ನು. ನಮ್ಮಲ್ಲಿ ಬಾಣಂತಿಗೆ ಗಂಟಲು ಕೆರೆತ ಅಂತ ಯಾರೋ ಪ್ರೀತಿಯಿಂದ ಸೇಜ್ ಟೀ ಮಾಡಿಕೊಟ್ಟರೆ ಏನಾಗಬಹುದು ಯೋಚಿಸಿ. ಸಾಮಾನ್ಯ ಆರೋಗ್ಯವಂತರೂ ಇದನ್ನು ದಿನದ ಚಹಾ ಮಾಡಿಕೊಳ್ಳುವುದು ಬೇಡ, ಒಂದೆರಡು ವಾರಕ್ಕೆ ನಿಲ್ಲಿಸಿ.

ಗಂಟಲಿಗೆ ನಾನು ಮಾಡುವುದು ಹೀಗೆ. ಎರಡೂವರೆ ಗ್ರಾಂ ಒಣ ಎಲೆ, ಅಂದರೆ ಪುಡಿ ಮಾಡಿದ್ದು ಸುಮಾರು ಎರಡರಿಂದ ಮೂರು ಟೀ ಚಮಚ. ಅದಕ್ಕೆ 100 ಮಿ.ಲೀ. ಕುದಿನೀರು ಹೊಯ್ದು ಮುಚ್ಚಿಡುವುದು. ಉಗುರು ಬೆಚ್ಚಗಾದ ಮೇಲೆ ಸೋಸಿ ಗಂಟಲಲ್ಲಿ ಗಳಗಳ ಮಾಡಿ ಉಗಿಯುವುದು. ನುಂಗುವುದಿಲ್ಲವಾದ್ದರಿಂದ ಥುಜೋನ್ ಚಿಂತೆಯೂ ಕಡಿಮೆ. ಬಾಯೆಲ್ಲ ಒಗರು ಒಗರಾಗಿ ಎಳೆದ ಹಾಗೆ ಆಗುತ್ತದೆ, ಮಾವಿನ ಎಳೆ ಮಿಡಿ ಕಚ್ಚಿದಂತೆ.

ನಾಲ್ಕರಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ, ದುಬಾರಿ ಕೂಡ ಇದೇ. ಗ್ರೀಸಿನ ದ್ವೀಪಗಳಲ್ಲಿ ಜನ ದಿನಾ ಕುಡಿಯುವ "ಫಾಸ್ಕೊಮಿಲೊ" ಚಹಾ ಇದರ ತಂಗಿ ಜಾತಿಯದು. ಪ್ರವಾಸ ಹೋದವರು ತಂದುಕೊಟ್ಟ ಪ್ಯಾಕೆಟ್ ಅದಾಗಿರಬಹುದು, ಹೆಸರು ನೋಡಿಕೊಳ್ಳಿ.

ರೋಸ್‌ಮೇರಿ: ಕಥೆ ಜಾಸ್ತಿ, ಕೂದಲಿನ ಮಾತೂ ಜಾಸ್ತಿ

ಸೂಜಿಯಂಥ ಎಲೆ, ಉಜ್ಜಿದರೆ ನೀಲಗಿರಿ ಎಣ್ಣೆ ಮತ್ತು ಕರ್ಪೂರ ಸೇರಿದ ವಾಸನೆ. ಲ್ಯಾಟಿನ್ನಿನಲ್ಲಿ "ರೋಸ್ ಮರಿನುಸ್" ಅಂದರೆ ಸಮುದ್ರದ ಇಬ್ಬನಿ. ಕಡಲ ದಂಡೆಯ ಬಂಡೆಗಳ ಮೇಲೆ ಬೆಳೆಯುವ ಗಿಡಕ್ಕೆ ಒಪ್ಪುವ ಹೆಸರು. ಕ್ರೈಸ್ತರಲ್ಲಿ ಇನ್ನೊಂದು ಕಥೆ ಇದೆ: ಮೇರಿ ತನ್ನ ನೀಲಿ ಮೇಲುಹೊದಿಕೆಯನ್ನು ಈ ಗಿಡದ ಮೇಲೆ ಹರಡಿದಳು, ಬಿಳಿ ಹೂವು ನೀಲಿಯಾಯಿತು ಅಂತ.

ನೆನಪಿಗೂ ಈ ಗಿಡಕ್ಕೂ ಹಳೆಯ ನಂಟು. ಯೂರೋಪಿನಲ್ಲಿ ಮದುವೆಗೂ ಹಿಡಿಯುತ್ತಿದ್ದರು, ಶವಯಾತ್ರೆಗೂ ಹಿಡಿಯುತ್ತಿದ್ದರು. ಆಸ್ಟ್ರೇಲಿಯಾದವರು ಪ್ರತಿ ಏಪ್ರಿಲ್ 25ರಂದು, ಆನ್‌ಜಾಕ್ ದಿನ ಅಂತ ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯುವಾಗ, ಅಂಗಿಯ ಎದೆಗೆ ರೋಸ್‌ಮೇರಿ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. 1915ರಲ್ಲಿ ಅವರ ಸೈನಿಕರು ಸತ್ತ, ಟರ್ಕಿಯ ಗಲ್ಲಿಪೋಲಿಯ ಗುಡ್ಡಗಳಲ್ಲಿ ಇದು ಕಾಡುಗಿಡವಾಗಿ ಬೆಳೆಯುತ್ತದೆ. ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಗಾಳಿ ಶುದ್ಧವಾಗಲಿ ಅಂತ ರೋಸ್‌ಮೇರಿ ಮತ್ತು ಜುನಿಪರ್ ಕಾಯಿ ಸುಡುತ್ತಿದ್ದರು, ನಾವು ಸಾಂಬ್ರಾಣಿ ಹಾಕುವ ಹಾಗೆ. ಮದ್ಯಸಾರದಲ್ಲಿ ಇದನ್ನು ಬಟ್ಟಿಯಿಳಿಸಿದ "ಹಂಗೆರಿ ರಾಣಿಯ ನೀರು" ಯೂರೋಪಿನ ಮೊದಮೊದಲ ಸುಗಂಧಗಳಲ್ಲಿ ಒಂದು, ಮೈಗೆ ಹಚ್ಚಲೂ ಕುಡಿಯಲೂ ಬಳಸುತ್ತಿದ್ದರು.

ಒಪ್ಪಿತ ಸಾಂಪ್ರದಾಯಿಕ ಬಳಕೆ ಎರಡು. ಅಜೀರ್ಣ, ಹೊಟ್ಟೆಯ ಸಣ್ಣ ನುಲಿತಕ್ಕೆ ಟೀ. ಮಾಂಸಖಂಡ, ಕೀಲು ನೋವಿಗೆ ಹೊರಗಿನಿಂದ ಹಚ್ಚುವುದು ಅಥವಾ ಸ್ನಾನದ ನೀರಿಗೆ ಹಾಕುವುದು. ಗಮನಿಸಿ, ಕೂದಲು ಈ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಕೂದಲಿನ ಗದ್ದಲ ಎಲ್ಲಿಂದ ಬಂತು? 2015ರಲ್ಲಿ ಇರಾನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಿಂದ. ವಂಶವಾಹಿಯಿಂದ ಬರುವ ಕೂದಲುದುರುವಿಕೆ ಇದ್ದ 100 ಜನ, 50 ಮಂದಿಗೆ ರೋಸ್‌ಮೇರಿ ಎಣ್ಣೆ, 50 ಮಂದಿಗೆ ಶೇ. 2ರ ಮಿನಾಕ್ಸಿಡಿಲ್, ಅಂದರೆ ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧಿ. ಮೂರು ತಿಂಗಳಲ್ಲಿ ಎರಡೂ ಕಡೆ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಆರು ತಿಂಗಳಿಗೆ ಎರಡೂ ಗುಂಪಿನಲ್ಲಿ ಕೂದಲ ಎಣಿಕೆ ಒಂದೇ ರೀತಿ ಹೆಚ್ಚಿತ್ತು, ತಲೆ ತುರಿಕೆ ರೋಸ್‌ಮೇರಿಯವರಲ್ಲಿ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ಶೇ. 2 ಅನ್ನುವುದು ಕಡಿಮೆ ಶಕ್ತಿಯ ಮಿನಾಕ್ಸಿಡಿಲ್, ಏನೂ ಹಚ್ಚದ ಗುಂಪು ಇರಲಿಲ್ಲ, ಜನರೂ ಕೆಲವರೇ. ಮತ್ತೆ ಅಲ್ಲಿ ಬಳಸಿದ್ದು ಎಣ್ಣೆಯ ಲೋಷನ್, ಪಾತ್ರೆಯಲ್ಲಿ ಎಲೆ ಕುದಿಸಿದ ನೀರಲ್ಲ. ಹಚ್ಚುವವರು ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ತೆಳು ಮಾಡಿ, ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ, ಆರು ತಿಂಗಳು ತಾಳ್ಮೆ ಇದ್ದರೆ ಮಾತ್ರ ಶುರು ಮಾಡಿ. ಹೆರಿಗೆಯ ನಂತರ, ಟೈಫಾಯಿಡ್, ಡೆಂಗ್ಯೂ ಆದಮೇಲೆ ಉದುರುವ ಕೂದಲು, ಥೈರಾಯ್ಡ್, ರಕ್ತಹೀನತೆಯಿಂದ ಉದುರುವ ಕೂದಲು ಬೇರೆ ವಿಷಯ. ಅದಕ್ಕೆ ಮೊದಲು ರಕ್ತ ಪರೀಕ್ಷೆ.

ರಕ್ತಹೀನತೆ ಅಂದಾಗ ಇನ್ನೊಂದು ಮಾತು. ರೋಸ್‌ಮೇರಿಯ ಸಾರ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ, ಚಹಾದ ಹಾಗೆಯೇ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಊಟದ ಜೊತೆ ಈ ಟೀ ಕುಡಿಯಬೇಡಿ. ಪಿತ್ತಕೋಶದಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ಕುಡಿಯಿರಿ. ಬಸುರಿಯರು ಅಡುಗೆಗೆ ಹಾಕಿಕೊಂಡರೆ ಸಾಕು, ಟೀ ಬೇಡ.

ಒರೆಗಾನೊ: ಅಡುಗೆಮನೆಯಲ್ಲಿ ಬಿಡಿ

ಇದನ್ನು ಬೇಗ ಮುಗಿಸುತ್ತೇನೆ. ಗ್ರೀಕ್ ಹೆಸರಿಗೆ ಬೆಟ್ಟದ ಸಂತೋಷ ಅಂತ ಅರ್ಥ ಹೇಳುತ್ತಾರೆ. ಎರಡನೇ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಇಟಲಿಯ ಪಿಜ್ಜಾ ರುಚಿ ಹೊತ್ತು ತಂದರು, ಅದರ ಜೊತೆ ಒರೆಗಾನೊ ಜಗತ್ತೆಲ್ಲ ಸುತ್ತಿತು. ಇದರ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದು ಕಾರ್ವಕ್ರಾಲ್, ಥೈಮಾಲ್‌ನ ಅಣ್ಣತಮ್ಮ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ನಿಜ. ಆದರೆ ಅದನ್ನೇ ಹಿಡಿದು "ಆ್ಯಂಟಿಬಯೋಟಿಕ್ ಬದಲು ಒರೆಗಾನೊ ಎಣ್ಣೆ ಕ್ಯಾಪ್ಸೂಲ್" ಅಂತ ಮಾರುವುದು ನನಗೆ ಒಪ್ಪಿಗೆಯಿಲ್ಲ. ತಟ್ಟೆಯಲ್ಲಿ ಆಗುವುದೆಲ್ಲ ಮೈಯೊಳಗೆ ಆಗುವುದಿಲ್ಲ.

ಕೊಳ್ಳುವಾಗ ಎರಡು ಮೋಸ. 2015ರಲ್ಲಿ ಬ್ರಿಟನ್ನಿನಲ್ಲಿ 78 ಮಾದರಿಗಳನ್ನು ಪರೀಕ್ಷಿಸಿದಾಗ 19ರಲ್ಲಿ ಆಲಿವ್ ಎಲೆ, ಮಿರ್ಟಲ್ ಎಲೆ ಬೆರೆಸಿದ್ದು ಸಿಕ್ಕಿತು. ನಮ್ಮಲ್ಲಿ ಪಿಜ್ಜಾ ಜೊತೆ ಬರುವ ಪೊಟ್ಟಣವೂ ಹೆಚ್ಚಾಗಿ ಬರೀ ಒರೆಗಾನೊ ಅಲ್ಲ, ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿದ ಮಸಾಲೆ. ಹಿಂದಿನ ಸಣ್ಣ ಅಕ್ಷರ ಓದಿ. ಅದರಲ್ಲಿ ಟೀ ಮಾಡಿದವರು ಗೊತ್ತು ನನಗೆ, ಕುಡಿಯಲಾಗದೆ ಚೆಲ್ಲಿದರು. ಅಡುಗೆಗಾದರೆ ಇದು ನಾಲ್ಕರಲ್ಲಿ ಅತಿ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಟೊಮ್ಯಾಟೊ ಇರುವ ಯಾವುದಕ್ಕೂ ಹೊಂದುತ್ತದೆ.

ಎಲೆಯೋ, ಎಣ್ಣೆಯೋ?

ನಾನು ಎಲೆಯ ಪಕ್ಷ. ಆ ಹತ್ತು ಮಿ.ಲೀ. ಶೀಶೆಯೊಳಗೆ ಇರುವುದು ರಾಶಿ ಎಲೆಯ ಸಾರ. ಥೈಮ್, ಒರೆಗಾನೊ ಎಣ್ಣೆ ಹಾಗೇ ಹಚ್ಚಿದರೆ ಚರ್ಮ ಸುಡುತ್ತದೆ. ರೋಸ್‌ಮೇರಿ ಎಣ್ಣೆಯಲ್ಲಿ ಕರ್ಪೂರದ ಅಂಶ ಇದೆ, ಸೇಜ್ ಎಣ್ಣೆಯಲ್ಲಿ ಥುಜೋನ್. ಯಾವುದನ್ನೂ ಮನೆಯಲ್ಲಿ ಹನಿ ಲೆಕ್ಕದಲ್ಲಿ ಕುಡಿಯಬೇಡಿ, ಮಕ್ಕಳ ಮೂಗಿನ ಹತ್ತಿರ ಹಚ್ಚಬೇಡಿ, ಅವರ ಕೈಗೆ ಸಿಗುವ ಕಡೆ ಇಡಬೇಡಿ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಎಲೆಯ ಟೀ ಕೂಡ ನಾನು ಕೊಡುವುದಿಲ್ಲ.

ಟೀ ಮಾಡುವಾಗ ನಮ್ಮವರು ಮಾಡುವ ತಪ್ಪು ಒಂದೇ. ಕಷಾಯದ ಅಭ್ಯಾಸದಿಂದ ಎಲೆ ಹಾಕಿ, ಎರಡು ಲೋಟ ಒಂದು ಲೋಟ ಆಗುವಷ್ಟು ಕುದಿಸುತ್ತೇವೆ. ಮನೆಯೆಲ್ಲ ಘಮಘಮ. ಆ ಘಮವೇ ಎಣ್ಣೆ, ಅದು ಹಾರಿಹೋಯಿತು. ಕುದಿದ ನೀರನ್ನು ಎಲೆಯ ಮೇಲೆ ಹೊಯ್ದು, ಮೇಲೊಂದು ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ತಟ್ಟೆಯ ಕೆಳಗೆ ಕಟ್ಟಿದ ಹನಿಗಳನ್ನೂ ಲೋಟಕ್ಕೇ ಬೀಳಿಸಿ.

ಕುಂಡದಲ್ಲಿ ಬೆಳೆಯುವುದಾದರೆ

ನನ್ನ ಮೊದಲ ರೋಸ್‌ಮೇರಿ ಜುಲೈನಲ್ಲಿ ಸತ್ತಿತು. ಮೊದಲು ಬುಡದ ಎಲೆ ಹಳದಿಯಾಯಿತು, ನೀರು ಸಾಲದು ಅಂದುಕೊಂಡು ಇನ್ನಷ್ಟು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರು ಕಪ್ಪಾಗಿ, ಮೆತ್ತಗೆ, ಕೊಳೆತ ವಾಸನೆ. ಮಳೆಗಾಲದಲ್ಲಿ ಇವುಗಳಿಗೆ ನೀರೇ ಶತ್ರು. ಈಗ ಮಣ್ಣಿನ ಕುಂಡ, ಅರ್ಧ ಮಣ್ಣು ಅರ್ಧ ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಮಳೆ ಬೀಳದಂತೆ ಸಜ್ಜಾದ ಕೆಳಗೆ. ಬೆರಳು ಒಂದು ಗೆಣ್ಣಿನಷ್ಟು ಇಳಿಸಿ ಒಣಗಿದ್ದರೆ ಮಾತ್ರ ನೀರು. ಆ ಗಿಡ ಮೂರು ಮಳೆಗಾಲ ಕಂಡಿದೆ.

ಬೆಂಗಳೂರು, ಮೈಸೂರಿನ ಹವೆಗೆ ಒರೆಗಾನೊ ಸುಲಭ, ಆಮೇಲೆ ರೋಸ್‌ಮೇರಿ, ಥೈಮ್. ಸೇಜ್ ಕಷ್ಟ. ಮಂಗಳೂರು, ಉಡುಪಿ, ಕಾರವಾರದವರಿಗೆ ನಾಲ್ಕು ತಿಂಗಳ ಮಳೆ, ಸೆಕೆಯಲ್ಲಿ ನಾಲ್ಕೂ ಹೆಣಗಾಟವೇ, ಒಣ ಎಲೆ ಕೊಳ್ಳುವುದು ಜಾಣತನ. ನೀಲಗಿರಿ ಬೆಟ್ಟಗಳಲ್ಲಿ ರೋಸ್‌ಮೇರಿ, ಥೈಮ್ ಬೆಳೆಯುವ ರೈತರಿದ್ದಾರೆ, ಊಟಿ ಕಡೆ ಹೋದರೆ ಅಲ್ಲಿಯ ಎಲೆ ಕೇಳಿ. ಕಲಬುರಗಿ, ರಾಯಚೂರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡಬೇಕಾಗುತ್ತದೆ.

ಇದ್ಯಾವುದೂ ಬೇಡ ಅನ್ನುವವರಿಗೆ ದಾರಿ ಇದೆ. ಹಿತ್ತಲಿನ ದೊಡ್ಡಪತ್ರೆ. ಹೊರದೇಶದಲ್ಲಿ ಇದನ್ನು ಕ್ಯೂಬಾ ಒರೆಗಾನೊ ಅಂತಲೇ ಕರೆಯುತ್ತಾರೆ, ಇದರ ಎಣ್ಣೆಯಲ್ಲೂ ಕಾರ್ವಕ್ರಾಲ್, ಥೈಮಾಲ್ ಇದೆ. ತಂಬುಳಿಗೆ ಹಾಕುವ ಎಲೆಗೂ ಪಿಜ್ಜಾದ ಮೇಲಿನ ಪುಡಿಗೂ ಇಷ್ಟು ಹತ್ತಿರದ ನಂಟು. ಥೈಮ್ ಬದಲು ಓಮ ಇದೆ. ಯೂರೋಪಿನಲ್ಲಿ ನಡೆದ ಪರೀಕ್ಷೆಗಳು ಇವಕ್ಕೆ ನೇರ ಅನ್ವಯ ಆಗುವುದಿಲ್ಲ, ಆದರೆ ಸಾಧಾರಣ ನೆಗಡಿಗೆ ದುಡ್ಡು ಕೊಟ್ಟು ಆಮದು ಬಾಟಲಿ ತರುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ನೆಗಡಿ, ಕಫದ ಕೆಮ್ಮು ಇರುವ ಆರೋಗ್ಯವಂತ ದೊಡ್ಡವರು ಥೈಮ್ ಆರಿಸಿ. ದಿನಾ ಪಾಠ ಮಾಡಿ ಗಂಟಲು ಕೆಟ್ಟಿರುವ ಮೇಷ್ಟ್ರಿಗೆ ಸೇಜ್, ಮುಕ್ಕಳಿಸಲು ಮಾತ್ರ. ಐವತ್ತರ ಆಸುಪಾಸಿನಲ್ಲಿ ರಾತ್ರಿ ಬೆವರಿ ಏಳುವವರು ವೈದ್ಯರಿಗೆ ತಿಳಿಸಿ ಸೇಜ್ ಅನ್ನು ಕೆಲವು ವಾರ ನೋಡಬಹುದು. ಊಟವಾದ ಮೇಲೆ ಹೊಟ್ಟೆ ಭಾರ ಅನ್ನುವವರಿಗೆ ರೋಸ್‌ಮೇರಿ ಟೀ ಹಿತ, ಆದರೆ ಜೀರಿಗೆ ನೀರಿಗಿಂತ ಹೆಚ್ಚೇನೂ ಅಲ್ಲ ಅನ್ನುವುದು ನನ್ನ ಅನುಭವ. ಒಂದೇ ಕುಂಡಕ್ಕೆ ಜಾಗ ಇರುವವರಿಗೆ ರೋಸ್‌ಮೇರಿ, ಹಲವು ವರ್ಷ ಬಾಳುತ್ತದೆ, ಹುರಿದ ಆಲೂಗಡ್ಡೆಗೆ ಅದರಷ್ಟು ರುಚಿ ಕೊಡುವುದು ಇನ್ನೊಂದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ, ಪಾಸ್ತಾ ಪಿಜ್ಜಾ ಮಾಡುವ ಮಕ್ಕಳಿದ್ದಾರೆ ಅಂದರೆ ಒರೆಗಾನೊ. ಬಸುರಿ ಬಾಣಂತಿಯರು ನಾಲ್ಕನ್ನೂ ಅಡುಗೆಯ ಚಿಟಿಕೆಗಷ್ಟೇ ಇಟ್ಟುಕೊಳ್ಳಿ. ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ನಿಮ್ಮ ವೈದ್ಯರಿಗೆ ಬಾಟಲಿಯನ್ನೇ ತೋರಿಸಿ.

ಮಾವನವರ ವಿಷಯ ಹೇಳಲೇಬೇಕು. ನಾದಿನಿ ಆ ದಿನ ಥೈಮ್ ತಂದಳು, ಅವರು ಹತ್ತು ದಿನ ಶ್ರದ್ಧೆಯಿಂದ ಕುಡಿದರು, ಕೆಮ್ಮು ಹೋಗಲಿಲ್ಲ. ಆಗ ಸರಿಯಾಗಿ ಕೇಳಿದೆ. ಕಫ ಬರುತ್ತಾ? ಇಲ್ಲ. ಒಣ ಕೆಮ್ಮು, ಕೆರೆತ, ರಾತ್ರಿ ಜಾಸ್ತಿ. ಯಾವಾಗಿಂದ? ಬಿಪಿ ಮಾತ್ರೆ ಬದಲಾಯಿಸಿದ ಸ್ವಲ್ಪ ದಿನಕ್ಕೆ. ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳಿಂದ ಕೆಲವರಿಗೆ ಇಂಥ ಒಣ ಕೆಮ್ಮು ಬರುತ್ತದೆ. ಮಾತ್ರೆ ನಾವೇ ನಿಲ್ಲಿಸಲಿಲ್ಲ, ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಬೇರೆ ಬಗೆಯ ಮಾತ್ರೆ ಬರೆದುಕೊಟ್ಟರು. ಮೂರನೇ ವಾರಕ್ಕೆ ಕೆಮ್ಮು ನಿಂತಿತು.

ಉಳಿದ ಥೈಮ್ ಪ್ಯಾಕೆಟ್ ನಾದಿನಿ ನನಗೇ ಕೊಟ್ಟಳು. ಬೆಣ್ಣೆಯಲ್ಲಿ ಅಣಬೆ ಹುರಿಯುವಾಗ ಕೊನೆಗೆ ಒಂದು ಚಿಟಿಕೆ ಹಾಕುತ್ತೇನೆ. ಅದಕ್ಕೆ ಅದು ಬಹಳ ಚೆನ್ನ.